ಡಿ ಅಂಡ್ ಡಿ ಮುಳುಗುತ್ತದಾ? ಕಂಪನಿಯನ್ನು ಕೇಳಿ, ಆಟವನ್ನಲ್ಲ

'ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಕಥೆ ಮುಗೀತಂತೆ, ಹೌದಾ?' ನಮ್ಮ ವಾಟ್ಸಾಪ್ ಗುಂಪಿನಲ್ಲಿ ಆಗಾಗ ಯಾರಾದರೂ ಇದನ್ನು ಕೇಳುತ್ತಲೇ ಇರುತ್ತಾರೆ. ಯೂಟ್ಯೂಬ್‌ನಲ್ಲಿ ಯಾರೋ ಬೊಬ್ಬೆ ಹಾಕಿರುತ್ತಾರೆ. ಅದರ ಲಿಂಕ್ ಬರುತ್ತದೆ. ಆಮೇಲೆ ಅರ್ಧ ದಿನ ಜಗಳ. ಪ್ರತಿ ಸಲ ಉತ್ತರ ಟೈಪ್ ಮಾಡಿ ಸಾಕಾಗಿದೆ ಮಾರಾಯ್ರೆ. ಒಮ್ಮೆಲೇ ಇಲ್ಲಿ ಬರೆದು ಹಾಕುತ್ತೇನೆ. ಸ್ವಲ್ಪ ಉದ್ದ ಇದೆ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ನಾಲ್ಕೈದು ಜನ ಮೇಜಿನ ಸುತ್ತ ಕೂರುತ್ತಾರೆ. ಒಬ್ಬರು ಡಿಎಂ, ಅಂದರೆ ಡಂಜನ್ ಮಾಸ್ಟರ್. ಕಥೆ ನಡೆಸುವುದು ಅವರು. ಉಳಿದವರದು ಒಂದೊಂದು ಪಾತ್ರ. ಬಾಗಿಲು ಒಡೆಯಬೇಕಾ, ರಾಕ್ಷಸನ ಜೊತೆ ಚೌಕಾಸಿ ಮಾಡಬೇಕಾ, ಎಲ್ಲ ಬಾಯಲ್ಲೇ. ಅದು ನಡೆಯುತ್ತದೋ ಇಲ್ಲವೋ ಅಂತ ಇಪ್ಪತ್ತು ಮುಖದ ದಾಳ ಹೇಳುತ್ತದೆ. ನಮ್ಮೂರಲ್ಲಿ ಇದನ್ನು ವಿವರಿಸುವುದು ಕಷ್ಟ ಅಲ್ಲ. ತಾಳಮದ್ದಳೆಗೆ ಹೋಗಿ ಕೂತವರಿಗೆ ಅರ್ಧ ಅರ್ಥವಾಗಿಯೇ ಇರುತ್ತದೆ. ಪ್ರಸಂಗದ ಪುಸ್ತಕ ಭಾಗವತರ ಮುಂದೆ ಒಂದೇ. ಅರ್ಥಧಾರಿಗಳು ಮಾತು ಕಟ್ಟುವುದು ಅಲ್ಲೇ, ಆಗಲೇ. ಹಿರಿಯ ಅರ್ಥಧಾರಿಗಳು ಇದನ್ನು ಓದಿ ಬೈದರೆ ಬೈಯಲಿ.

ವ್ಯಾಪಾರದ ತಲೆನೋವು ಇರುವುದೂ ಅಲ್ಲೇ, ಆ ಒಂದೇ ಪುಸ್ತಕದಲ್ಲಿ.

ನಮ್ಮ ಗುಂಪನ್ನೇ ತೆಗೆದುಕೊಳ್ಳಿ. ಭಾನುವಾರ ಮಂಗಳೂರಿನ ಬಿಜೈಯ ಒಂದು ಫ್ಲ್ಯಾಟಿನಲ್ಲಿ ಸೇರುತ್ತೇವೆ. ಡಿಎಂ ಹತ್ತಿರ 2014ರ ಪ್ಲೇಯರ್ಸ್ ಹ್ಯಾಂಡ್‌ಬುಕ್, ಅಂದರೆ ಆಟದ ನಿಯಮಪುಸ್ತಕ ಇದೆ. ಬೆನ್ನು ಕಿತ್ತುಹೋಗಿ ಅಗಲದ ಟೇಪ್ ಹಚ್ಚಿದ್ದಾರೆ. ಮಂತ್ರಗಳ ಅಧ್ಯಾಯದ ಒಂದು ಪುಟಕ್ಕೆ ಗೋಳಿಬಜೆ ಎಣ್ಣೆ ಬಿದ್ದು, ಹಿಂದಿನ ಪುಟದ ಅಕ್ಷರ ಮುಂದೆ ಕಾಣುತ್ತದೆ. ಪಾತ್ರದ ಹಾಳೆಗಳೆಲ್ಲ ಹಂಪನಕಟ್ಟೆಯಲ್ಲಿ ಮಾಡಿಸಿದ ಜೆರಾಕ್ಸ್. ಹಿಟ್ ಪಾಯಿಂಟ್, ಅಂದರೆ ಪಾತ್ರದ ಜೀವ ಎಷ್ಟು ಉಳಿದಿದೆ ಅಂತ ಬರೆಯುವ ಚೌಕದಲ್ಲಿ ಅಳಿಸಿ ಅಳಿಸಿ ಕಾಗದ ತೂತಾಗಿದೆ. ಇಷ್ಟೂ ಜನರಿಂದ, ಇಷ್ಟೂ ವರ್ಷಗಳಲ್ಲಿ, ಕಂಪನಿಗೆ ಸಿಕ್ಕಿದ್ದು ಹೆಚ್ಚುಕಡಿಮೆ ಆ ಒಂದು ಪುಸ್ತಕದ ದುಡ್ಡು. ನಮಗೆ ಯಾವ ಕೊರತೆಯೂ ಆಗಿಲ್ಲ.

ಇದು ಕಂಪನಿಗೆ ಗೊತ್ತಿಲ್ಲದ ವಿಷಯ ಏನಲ್ಲ. 2022ರ ಡಿಸೆಂಬರ್‌ನಲ್ಲಿ ಡಿ ಅಂಡ್ ಡಿ ಪ್ರಕಟಿಸುವ ವಿಝಾರ್ಡ್ಸ್ ಆಫ್ ದ ಕೋಸ್ಟ್‌ನ ಆಗಿನ ಅಧ್ಯಕ್ಷೆ ಸಿಂಥಿಯಾ ವಿಲಿಯಮ್ಸ್ ಹೂಡಿಕೆದಾರರ ಮುಂದೆ ಇದನ್ನೇ ಹೇಳಿದ್ದರು. ಆಡುವವರಲ್ಲಿ ಡಿಎಂಗಳು ಸುಮಾರು ಶೇ. 20 ಮಾತ್ರ, ಆದರೆ ದುಡ್ಡು ಖರ್ಚು ಮಾಡುವವರಲ್ಲಿ ದೊಡ್ಡ ಪಾಲು ಅವರದೇ. ಈ ಹೆಸರಿನಿಂದ ಬರಬೇಕಾದಷ್ಟು ದುಡ್ಡು ಬರುತ್ತಿಲ್ಲ ಅನ್ನುವುದು ಅವರ ವಾದ. ಲೆಕ್ಕದ ಪ್ರಕಾರ ತಪ್ಪಿಲ್ಲ. ಆದರೆ ಅದೇ ವಿಝಾರ್ಡ್ಸ್ ಕಂಪನಿ ಮ್ಯಾಜಿಕ್ ದ ಗ್ಯಾದರಿಂಗ್ ಅನ್ನುವ ಕಾರ್ಡ್ ಆಟವನ್ನೂ ಮಾರುತ್ತದೆ. ಅಲ್ಲಿ ಪ್ರತಿಯೊಬ್ಬನಿಗೂ ತನ್ನದೇ ಕಾರ್ಡ್ ಬೇಕು, ವರ್ಷವಿಡೀ ಹೊಸ ಪ್ಯಾಕ್ ಬರುತ್ತಲೇ ಇರುತ್ತದೆ. 2022ರಲ್ಲಿ ಅದರ ಆದಾಯ ನೂರು ಕೋಟಿ ಡಾಲರ್ ದಾಟಿತ್ತು. ಪಕ್ಕದ ಮೇಜಿನಲ್ಲಿ ಇಂಥ ಆಟ ಇದ್ದರೆ ಡಿ ಅಂಡ್ ಡಿ ಸೋಮಾರಿಯ ಹಾಗೆ ಕಾಣುವುದು ಸಹಜ ಅಲ್ವಾ?

ನನ್ನ ಪ್ರಕಾರ ಎಡವಟ್ಟಾದದ್ದು ಈ ಹೋಲಿಕೆಯಿಂದಲೇ. ಆಟ ಅದು ಬೇರೆ, ಇದು ಬೇರೆ.

ಹಳೆ ಕಥೆ ಚುಟುಕಾಗಿ. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನಿಸನ್ ಸೇರಿ ಮಾಡಿದ ಆಟ. ಪ್ರಕಟಿಸಿದ್ದು ಟಿಎಸ್‌ಆರ್ ಅನ್ನುವ ಕಂಪನಿ. ಒಂದಾದ ಮೇಲೊಂದು ಹೊಸ ಲೋಕ, ಅದಕ್ಕೆಲ್ಲ ರಾಶಿ ಪುಸ್ತಕ, ಮಾರಾಟವಾಗದೆ ವಾಪಸ್ ಬಂದ ಮಾಲು, ಮೇಲಿಂದ ಸಾಲ. 1997ರಲ್ಲಿ ವಿಝಾರ್ಡ್ಸ್ ಅದನ್ನು ಕೊಂಡಿತು. 1999ರಲ್ಲಿ ಆಟಿಕೆ ಕಂಪನಿ ಹ್ಯಾಸ್ಬ್ರೋ ವಿಝಾರ್ಡ್ಸ್ ಅನ್ನೇ ಕೊಂಡಿತು. ಮಾಲೀಕರು ಎರಡು ಸಲ ಬದಲಾದರೂ ಮೇಜುಗಳ ಮೇಲೆ ಆಟ ನಿಲ್ಲಲಿಲ್ಲ.

2000ದಲ್ಲಿ ಒಂದು ಜಾಣ ಕೆಲಸ ಆಯಿತು. ರಯಾನ್ ಡ್ಯಾನ್ಸಿ ಅನ್ನುವವರ ಮುಂದಾಳತ್ವದಲ್ಲಿ ಒಜಿಎಲ್ ಅನ್ನುವ ಮುಕ್ತ ಪರವಾನಗಿ ಬಂತು. ನಮ್ಮ ನಿಯಮ ಇಟ್ಟುಕೊಂಡು ಯಾರು ಬೇಕಾದರೂ ಸಾಹಸಕಥೆ ಬರೆದು ಮಾರಿ ಅಂತ. ಸಾಹಸಕಥೆ ಯಾರದೇ ಇರಲಿ, ಆಡುವವರು ಮೂಲ ಪುಸ್ತಕಕ್ಕೆ ನಮ್ಮ ಹತ್ತಿರವೇ ಬರಬೇಕು ಅನ್ನುವ ಲೆಕ್ಕಾಚಾರ. 2008ರಲ್ಲಿ ನಾಲ್ಕನೇ ಆವೃತ್ತಿ ತಂದಾಗ ಇದನ್ನು ಬಿಟ್ಟು ಬಿಗಿ ಮಾಡಲು ಹೋದರು. ಆಗ ಪೈಜೋ ಅನ್ನುವ ಚಿಕ್ಕ ಕಂಪನಿ ಹಳೆ ನಿಯಮಗಳನ್ನೇ ಇಟ್ಟುಕೊಂಡು ಪಾತ್‌ಫೈಂಡರ್ ಅಂತ ತನ್ನದೇ ಆಟ ತಂದಿತು. ಒಂದಷ್ಟು ವರ್ಷ ಬಿಸಿ ಮುಟ್ಟಿಸಿತು ಕೂಡ.

ಇಷ್ಟೆಲ್ಲ ಆದ ಮೇಲೂ 2023ರ ಜನವರಿಯಲ್ಲಿ ಮತ್ತೆ ಅದೇ ಗುಂಡಿಗೆ ಬಿದ್ದರು. ಹೊಸ ಒಜಿಎಲ್ ಕರಡು ಸೋರಿಕೆಯಾಯಿತು. ವರ್ಷಕ್ಕೆ 7.5 ಲಕ್ಷ ಡಾಲರ್‌ಗಿಂತ ಜಾಸ್ತಿ ವಹಿವಾಟು ಇದ್ದರೆ, ಅದರ ಮೇಲಿನ ಮೊತ್ತಕ್ಕೆ ಶೇ. 25 ರಾಯಲ್ಟಿ ಕೊಡಬೇಕು. ಲಾಭದಲ್ಲಿ ಅಲ್ಲ, ವಹಿವಾಟಿನಲ್ಲೇ! ಪುಸ್ತಕ ಅಚ್ಚು ಹಾಕಿಸಿ ಗೊತ್ತಿರುವವರನ್ನು ಕೇಳಿ ನೋಡಿ, ಅಷ್ಟು ಕೊಟ್ಟ ಮೇಲೆ ಏನು ಉಳಿಯುತ್ತದೆ ಅಂತ. ಜನ ಸಿಟ್ಟಾಗಿ ಡಿ ಅಂಡ್ ಡಿ ಬಿಯಾಂಡ್ ಚಂದಾ ರದ್ದು ಮಾಡತೊಡಗಿದರು. ಅದು ಹ್ಯಾಸ್ಬ್ರೋ ಹಿಂದಿನ ವರ್ಷವಷ್ಟೇ 14.6 ಕೋಟಿ ಡಾಲರ್ ಕೊಟ್ಟು ಕೊಂಡಿದ್ದ ಆನ್‌ಲೈನ್ ಸೇವೆ. ಜನವರಿ 27ಕ್ಕೆ ಕಂಪನಿ ಮಣಿಯಿತು. ಮೂಲ ನಿಯಮಗಳ ಸಾರವಾದ ಎಸ್‌ಆರ್‌ಡಿ 5.1 ಅನ್ನು ಕ್ರಿಯೇಟಿವ್ ಕಾಮನ್ಸ್ ಅನ್ನುವ ಮುಕ್ತ ಪರವಾನಗಿಯ ಅಡಿ ಬಿಟ್ಟುಕೊಟ್ಟಿತು. ಕೊಟ್ಟದ್ದು ಕೊಟ್ಟ ಹಾಗೆ, ಇನ್ನು ವಾಪಸ್ ತಗೊಳ್ಳುವ ಹಾಗಿಲ್ಲ.

ಆಟವೂ ಕಂಪನಿಯೂ ಬೇರೆಯಾದದ್ದು ಅವತ್ತೇ. ಹ್ಯಾಸ್ಬ್ರೋ ನಾಳೆ ಬಾಗಿಲು ಹಾಕಿದರೂ ಆ ನಿಯಮಗಳ ಮೇಲೆ ಹೊಸ ಪುಸ್ತಕ ಬರೆಯಬಹುದು, ಮಾರಬಹುದು. ಮುಂದೇನು ಅಂತ ಚಿಂತೆ ಇರಬೇಕಾದದ್ದು ಕಂಪನಿಗೆ, ನಮಗಲ್ಲ.

ಹಾಗಾದರೆ ಕಂಪನಿಗೆ ದುಡ್ಡು ಎಲ್ಲಿಂದ? ಹೆಸರಿನಿಂದ. 2023ರ ಆಗಸ್ಟ್‌ನಲ್ಲಿ ಬಂದ ಬಾಲ್ಡರ್ಸ್ ಗೇಟ್ 3 ಅನ್ನುವ ಡಿ ಅಂಡ್ ಡಿ ಕಂಪ್ಯೂಟರ್ ಗೇಮ್ ನೋಡಿ. ಮಾಡಿದ್ದು ಬೆಲ್ಜಿಯಂನ ಲೇರಿಯನ್ ಸ್ಟುಡಿಯೋಸ್. ಬೆವರು ಅವರದು, ಹೆಸರು ಬಾಡಿಗೆ ಕೊಟ್ಟದ್ದಕ್ಕೆ ಆದಾಯ ಹ್ಯಾಸ್ಬ್ರೋಗೆ. ಡಿಸೆಂಬರ್‌ನಲ್ಲಿ ಆ ಆಟಕ್ಕೆ ವರ್ಷದ ಅತ್ಯುತ್ತಮ ಗೇಮ್ ಪ್ರಶಸ್ತಿ ಬಂತು. ಅದೇ ತಿಂಗಳು ಹ್ಯಾಸ್ಬ್ರೋ ಸುಮಾರು 1,100 ಜನರನ್ನು ಕೆಲಸದಿಂದ ತೆಗೆಯುವುದಾಗಿ ಹೇಳಿತು. ಮುಂದಿನ ಭಾಗ ನಾವು ಮಾಡುವುದಿಲ್ಲ ಅಂತ 2024ರಲ್ಲಿ ಲೇರಿಯನ್ ಕೈ ತೊಳೆದುಕೊಂಡಿತು.

ಸ್ವಂತವಾಗಿ ಮಾಡಲು ಹೊರಟದ್ದು ಕೈ ಹಿಡಿಯಲಿಲ್ಲ. ಸಿಜಿಲ್ ಅಂತ ಮೂರು ಆಯಾಮದ ಆನ್‌ಲೈನ್ ಮೇಜು ಕಟ್ಟಿದರು. 2025ರಲ್ಲಿ ಬಿಡುಗಡೆಯ ಬೆನ್ನಿಗೇ ಆ ತಂಡದ ಬಹುಪಾಲು ಜನರನ್ನು ಮನೆಗೆ ಕಳಿಸಿದರು. ನಿಜ ಹೇಳಬೇಕಾ? ನಮ್ಮ ಮೇಜಿನಲ್ಲಿ ಗಾಬ್ಲಿನ್ ಅನ್ನುವ ಕುಳ್ಳ ರಾಕ್ಷಸ ಅಂದರೆ ಒಂದು ಬಾಟಲಿ ಮುಚ್ಚಳ. ಅದಕ್ಕೆ ಗ್ರಾಫಿಕ್ಸ್ ಕಾರ್ಡ್ ಬೇಡ. ಅದೇ ವರ್ಷ ಡಿ ಅಂಡ್ ಡಿ ರೂಪಿಸುತ್ತಿದ್ದ ಹಿರಿಯರಾದ ಕ್ರಿಸ್ ಪರ್ಕಿನ್ಸ್, ಜೆರೆಮಿ ಕ್ರಾಫರ್ಡ್ ಇಬ್ಬರೂ ವಿಝಾರ್ಡ್ಸ್ ಬಿಟ್ಟು ಡ್ಯಾರಿಂಗ್ಟನ್ ಪ್ರೆಸ್ ಸೇರಿದರು. ಅದು ಕ್ರಿಟಿಕಲ್ ರೋಲ್ ತಂಡದ ಪ್ರಕಾಶನ. ವರ್ಷಗಟ್ಟಲೆ ನೇರಪ್ರಸಾರದಲ್ಲಿ ಡಿ ಅಂಡ್ ಡಿ ಆಡಿ ಪುಕ್ಕಟೆ ಪ್ರಚಾರ ಕೊಟ್ಟವರು ಈಗ ಡ್ಯಾಗರ್‌ಹಾರ್ಟ್ ಅಂತ ತಮ್ಮದೇ ಆಟ ಮಾರುತ್ತಿದ್ದಾರೆ.

ಚಿಂತೆ ಕಂಪನಿಗೆ, ನಮಗಲ್ಲ ಅನ್ನುವುದನ್ನು ಮಣಿಪಾಲದ ಗೆಳೆಯನೊಬ್ಬ ಒಪ್ಪುವುದಿಲ್ಲ. ಹಾಸ್ಟೆಲ್ ಹುಡುಗರು ಮೇಜಿಗೆ ಬರುವುದೇ ಬಾಲ್ಡರ್ಸ್ ಗೇಟ್ ಆಡಿ, ಇಲ್ಲ ಸ್ಟ್ರೇಂಜರ್ ಥಿಂಗ್ಸ್ ಸರಣಿ ನೋಡಿ. ದೊಡ್ಡ ಹೆಸರು ಹೋದರೆ ಹೊಸಬರು ಎಲ್ಲಿಂದ ಬರುತ್ತಾರೆ ಅನ್ನುವುದು ಅವನ ವಾದ. ಇದರಲ್ಲಿ ಹುರುಳಿದೆ. ಡ್ಯಾಗರ್‌ಹಾರ್ಟ್ ಆಡೋಣ ಬನ್ನಿ ಅಂದರೆ ಇಲ್ಲಿ ಯಾರೂ ತಿರುಗಿ ನೋಡುವುದಿಲ್ಲ. ಕಂಪನಿ ಹಾಳಾಗಲಿ ಅಂತ ನನಗೂ ಆಸೆ ಇಲ್ಲ. ಅದು ಹೆಸರು ಬಾಡಿಗೆಗೆ ಕೊಟ್ಟುಕೊಂಡು, ಡಿಎಂಗಳಿಗೆ ಒಳ್ಳೆ ಪುಸ್ತಕ ಮಾಡಿಕೊಂಡು, ಸಣ್ಣ ಲಾಭದಲ್ಲಿ ನೆಮ್ಮದಿಯಾಗಿ ಇರಬಹುದು. ಷೇರುದಾರರಿಗೆ ಅದು ಸಾಕಾಗುವುದಿಲ್ಲ, ಅಷ್ಟೇ. ಹಾಗಾಗಿ ಚಂದಾ, ಆ್ಯಪ್, ಹೊಸ ಆವೃತ್ತಿ ಅಂತ ಏನಾದರೊಂದು ಮಾಡುತ್ತಲೇ ಇರುತ್ತಾರೆ, ನೋಡ್ತಾ ಇರಿ.

ನಮ್ಮ ಕಡೆಯ ಲೆಕ್ಕವೇ ಬೇರೆ. 2024ರ ಹೊಸ ಪ್ಲೇಯರ್ಸ್ ಹ್ಯಾಂಡ್‌ಬುಕ್ ಬಂದಾಗ ಬೆಲೆ 49.99 ಡಾಲರ್. ರೂಪಾಯಿಗೆ ತಿರುಗಿಸಿದರೆ ನಾಲ್ಕು ಸಾವಿರ ದಾಟುತ್ತದೆ. ಮೂರು ಮುಖ್ಯ ಪುಸ್ತಕ ಸೇರಿದರೆ ಹನ್ನೆರಡು ಸಾವಿರದ ಮೇಲೆ. ಕಾಲೇಜು ಹುಡುಗರ ಮಟ್ಟಿಗೆ ಇದು ಆಗುವ ಮಾತಲ್ಲ. ಕನ್ನಡದಲ್ಲಂತೂ ಅವರು ತರುವುದಿಲ್ಲ. ಆದರೆ 2025ರಲ್ಲಿ ಹೊಸ ನಿಯಮಗಳ ಎಸ್‌ಆರ್‌ಡಿ 5.2 ಕೂಡ ಕ್ರಿಯೇಟಿವ್ ಕಾಮನ್ಸ್‌ಗೆ ಬಂತು. ಅದರಲ್ಲಿ ಹೇಳಿದ ಹಾಗೆ ಮೂಲಕ್ಕೆ ಋಣ ಬರೆದುಕೊಂಡರೆ ಯಾರು ಬೇಕಾದರೂ ಅನುವಾದ ಮಾಡಬಹುದು. ಬೇಕಾದರೆ ಮಾರಲೂಬಹುದು. ನಮ್ಮ ಡಿಎಂ ಈಗ ನಡೆಸುತ್ತಿರುವ ಕಥೆ ಸುಲ್ತಾನ್ ಬತ್ತೇರಿಯಲ್ಲಿ ಶುರುವಾಗುತ್ತದೆ. ತಣ್ಣೀರುಬಾವಿಗೆ ಹೊರಟ ದೋಣಿ ಆ ದಡ ಮುಟ್ಟುವುದೇ ಇಲ್ಲ. ಗಾಬ್ಲಿನ್‌ಗಳು ತುಳು ಮಾತಾಡುತ್ತವೆ, ಅದೂ ಬೈಗುಳವೇ ಜಾಸ್ತಿ. ಇಂಥದ್ದನ್ನು ಅಮೆರಿಕದ ಯಾವ ಕಂಪನಿ ಅಚ್ಚು ಹಾಕಿಕೊಡುತ್ತದೆ?

ಹೊಸದಾಗಿ ಶುರು ಮಾಡುವವರು ಸುಮ್ನೆ ಮೂರು ಪುಸ್ತಕ ಆರ್ಡರ್ ಮಾಡಬೇಡಿ. ಎಸ್‌ಆರ್‌ಡಿ ಉಚಿತ, ಇಳಿಸಿಕೊಳ್ಳಿ. ದಾಳದ ಒಂದು ಸೆಟ್ ತಗೊಳ್ಳಿ. ಸ್ವಲ್ಪ ಸಮಯ ಆಡಿ ನೋಡಿ. ಡಿಎಂ ಆಗುವ ಹುಚ್ಚು ಹಿಡಿದರೆ ಆಗ ಪುಸ್ತಕದ ಬಗ್ಗೆ ಯೋಚಿಸಿ. ಮತ್ತೆ, ನಿಯಮಗಳನ್ನು ಕನ್ನಡಕ್ಕೆ ತರುವ ಕೆಲಸ ನಮ್ಮ ಗುಂಪಿನಲ್ಲಿ ಶುರುವಾಗಿದೆ. ಹೋರಾಟದ ಭಾಗ ಹೇಗೋ ಸಾಗುತ್ತಿದೆ. ಮಂತ್ರಗಳ ಪಟ್ಟಿ ಮಾತ್ರ ಮುಗಿಯುವ ಲಕ್ಷಣ ಕಾಣುತ್ತಿಲ್ಲ. ಕೈ ಜೋಡಿಸುವವರು ಕಾಮೆಂಟ್‌ನಲ್ಲಿ ಹೇಳಿ, ಮಂತ್ರಗಳನ್ನು ಒಬ್ಬೊಬ್ಬರಿಗೆ ಒಂದೊಂದು ಅಕ್ಷರದ ಹಾಗೆ ಹಂಚಿಕೊಡುತ್ತೇನೆ.