ನಕ್ಷತ್ರಲೋಕದ ಪೋಷಕರಿಗೆ ಶಾಲು

ಪರೀಕ್ಷೆಯಲ್ಲಿ ನಪಾಸಾದವರು ಮರುಮೌಲ್ಯಮಾಪನಕ್ಕೆ ಅರ್ಜಿ ಹಾಕುವುದು ಲೋಕರೂಢಿ. ಪಾಸಾಗಿ, 77 ಕೋಟಿ ಡಾಲರಿಗೂ ಮಿಕ್ಕ ಗಂಟು ಕಟ್ಟಿಕೊಂಡು ಮನೆಗೆ ಹೋದವನನ್ನು ವರ್ಷಗಳ ಮೇಲೆ ಹಿಂದಕ್ಕೆ ಕರೆದು, "ಎಲ್ಲಿ, ನಿನ್ನ ಉತ್ತರ ಪತ್ರಿಕೆ ಕೊಡು, ಇನ್ನೊಮ್ಮೆ ತಿದ್ದಬೇಕು" ಎನ್ನುವುದು ಈಚಿನ ಚಾಳಿ. 2014ರ ಆಗಸ್ಟಿನಲ್ಲಿ ತೆರೆಕಂಡ 'ಗಾರ್ಡಿಯನ್ಸ್ ಆಫ್ ದಿ ಗ್ಯಾಲಕ್ಸಿ' ಎಂಬ ಹಾಲಿವುಡ್ಡಿನ ಸೂಪರ್‌ಹೀರೋ ಚಿತ್ರಕ್ಕೂ ಈ ಗ್ರಹಚಾರ ವಕ್ಕರಿಸಿದೆ. ಅಂದು ಶಿಳ್ಳೆ ಹೊಡೆದ ಬಾಯಿಗಳೇ ಇಂದು "ಅದರಲ್ಲಿ ಅಂಥದ್ದೇನಿತ್ತು?" ಎಂದು ಕೇಳುತ್ತಿವೆ. ಹೀಗಿರುವಾಗ ಮುಂಬೈಯ ಮಾಟುಂಗದ ಕಡೆಯ ನಮ್ಮ ಕನ್ನಡ ಸಂಘ ಸುಮ್ಮನಿದ್ದೀತೆ? ಭಾನುವಾರ ಸಂಜೆ ಐದಕ್ಕೆ ವಿಚಾರ ಸಂಕಿರಣ ಇಟ್ಟೇಬಿಟ್ಟಿತು.

ಮೊದಲ ಎಡವಟ್ಟು ಬ್ಯಾನರಿನದು. ಹೆಸರು ಕನ್ನಡದಲ್ಲೇ ಇರಬೇಕೆಂದು ಸಮಿತಿ ಪಟ್ಟು ಹಿಡಿಯಿತು. 'ಪಾಲಕರು' ಎಂದರೆ ಶಾಲೆಯ ಸಭೆಯಂತೆ ಕೇಳುತ್ತದೆಂದು ತಳ್ಳಿಹಾಕಿ, 'ನಕ್ಷತ್ರಲೋಕದ ಪೋಷಕರು: ಒಂದು ಮರುಚಿಂತನೆ' ಎಂದು ಅಚ್ಚು ಹಾಕಿಸಿದರು. ಪೋಷಕರು ಎಂದರೆ ನಮ್ಮಲ್ಲಿ ಹಣ ಕೊಟ್ಟವರು. ಸಂಘದ ಪೋಷಕ ಸದಸ್ಯರೆಲ್ಲ ರೇಷ್ಮೆ ಶಲ್ಯ ಹೊದ್ದು ಸಕುಟುಂಬ ಬಂದು ಮೊದಲ ಸಾಲಿನಲ್ಲಿ ಕುಳಿತರು. ತಮ್ಮ ಬಗ್ಗೆ ಮರುಚಿಂತನೆ ಏಕೆಂದು ಒಬ್ಬ ಮಹಾಪೋಷಕರು ಮುಖ ಗಂಟಿಕ್ಕಿಕೊಂಡಿದ್ದರು. ಅವರನ್ನು ಬರಿಗೈಯಲ್ಲಿ ಕಳಿಸುವ ಧೈರ್ಯ ಯಾರಿಗಿದೆ? ಹನ್ನೊಂದು ಶಾಲು, ಹನ್ನೊಂದು ಹಣ್ಣಿನ ಬುಟ್ಟಿ, ಹನ್ನೊಂದು ನೆನಪಿನ ಕಾಣಿಕೆ. ಸಿನಿಮಾದ ಪೋಷಕರು ಒಟ್ಟು ಐವರು. ಅವರಲ್ಲಿ ಒಂದು ರಕೂನು, ಒಂದು ಮರ.

ಮುಖ್ಯ ಅತಿಥಿಗಳು ಡೊಂಬಿವಲಿಯಿಂದ ಹೊರಟು, ಹಳಿ ದುರಸ್ತಿಗೆಂದು ಭಾನುವಾರ ಲೋಕಲ್ ರೈಲುಗಳನ್ನು ತಡೆಯುವ ಮೆಗಾಬ್ಲಾಕಿನಲ್ಲಿ ಸಿಕ್ಕಿಬಿದ್ದಿದ್ದರು. ಗ್ರಹದಿಂದ ಗ್ರಹಕ್ಕೆ ಕಣ್ಣು ಮಿಟುಕಿಸುವುದರೊಳಗೆ ನೆಗೆಯುವ ಚಿತ್ರದ ನಾಯಕ ಪೀಟರ್ ಕ್ವಿಲ್‌ನನ್ನೇ ತಂದು ಬಿಟ್ಟರೂ, ಭಾನುವಾರ ಮುಲುಂಡ್ ದಾಟಿ ಬರಲಿ ನೋಡೋಣ.

ಅಧ್ಯಕ್ಷರು ಮೈಕು ಹಿಡಿದು, "ಎರಡೇ ಮಾತು ಹೇಳಿ ಕುಳಿತುಕೊಳ್ಳುತ್ತೇನೆ" ಎಂದರು. ಚಿತ್ರದಲ್ಲಿ ಡ್ರಾಕ್ಸ್ ಎಂಬ ದಾಂಡಿಗನಿದ್ದಾನೆ. ಅವನಿಗೆ ಅಲಂಕಾರದ ಮಾತು ತಿಳಿಯದು, ಹೇಳಿದ್ದನ್ನು ಹೇಳಿದಂತೆಯೇ ನಂಬುವವನು. ಅವನು ನಮ್ಮ ಸಭೆಯಲ್ಲಿದ್ದಿದ್ದರೆ ಎರಡನೆಯ ಮಾತಿಗೇ ಎದ್ದು ಚಪ್ಪಾಳೆ ತಟ್ಟುತ್ತಿದ್ದ. ಅಧ್ಯಕ್ಷರ ಎರಡು ಮಾತು ನಲವತ್ತು ನಿಮಿಷ ನಡೆಯಿತು. ಅದರಲ್ಲಿ ಸಿನಿಮಾ ಒಂದೇ ಸಲ ಬಂದದ್ದು, "ನಾನು ಈ ಚಿತ್ರವನ್ನು ನೋಡಿಲ್ಲವಾದರೂ" ಎಂಬಲ್ಲಿ.

ಮೊದಲ ಪ್ರಬಂಧಕಾರರು ಮರದ ಮೇಲೆ ಮಾತನಾಡಿದರು. ಗ್ರೂಟ್ ಎಂಬ ಆ ಮರಕ್ಕೆ ಬರುವುದು ಮೂರೇ ಶಬ್ದ: 'ಐ ಆಮ್ ಗ್ರೂಟ್'. ಅಂತ್ಯದಲ್ಲಿ ಗೆಳೆಯರನ್ನು ತನ್ನ ಕೊಂಬೆಗಳೊಳಗೆ ಬಚ್ಚಿಟ್ಟುಕೊಂಡು ಅದು 'ವಿ ಆರ್ ಗ್ರೂಟ್' ಎನ್ನುತ್ತದೆ. 'ನಾನು' ಹೋಗಿ 'ನಾವು' ಬಂತು, ಇದೇ ಅದ್ವೈತ, ಇದೇ ಶರಣತತ್ತ್ವ, ಇದೇ ಸಹಕಾರ ಚಳವಳಿ ಎಂದು ಅವರು ಒಂದೇ ಉಸಿರಿಗೆ ಮೂರನ್ನೂ ಪೋಣಿಸಿದರು. ಕೊನೆಯದನ್ನು ಹೇಳಿದ್ದು ವೇದಿಕೆಯಲ್ಲಿ ಸಹಕಾರಿ ಬ್ಯಾಂಕೊಂದರ ನಿರ್ದೇಶಕರು ಇದ್ದುದರಿಂದ ಎಂದು ನನ್ನ ಗುಮಾನಿ.

ಎರಡನೆಯವರು ಚಿತ್ರದ ಹಾಡುಗಳನ್ನು ಕೊಂಡಾಡಿದರು. ಅದರ ಹಾಡಿನ ಸಂಪುಟದಲ್ಲಿ ಹೊಸದೊಂದೂ ಇಲ್ಲ, ಎಲ್ಲವೂ ಹಳೆಯ ಕ್ಯಾಸೆಟ್ಟಿನ ಹಾಡುಗಳು. ಹಾಗಿದ್ದೂ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಬರೀ ಹಳೆಯ ಹಾಡುಗಳ ಚಿತ್ರಸಂಪುಟಕ್ಕೆ ಆ ಪಟ್ಟ ಸಿಕ್ಕಿದ್ದು ಅದೇ ಮೊದಲು. "ನಮ್ಮ ಸಂಘದ ರಸಮಂಜರಿಯಲ್ಲಿ ನಲವತ್ತು ವರ್ಷದಿಂದ ಇದನ್ನೇ ಮಾಡುತ್ತಿದ್ದೇವಲ್ಲ, ನಮಗೇಕೆ ಪಟ್ಟವಿಲ್ಲ?" ಎಂದು ಹಿಂದಿನಿಂದ ಯಾರೋ ಕೇಳಿದರು. ನಿರ್ದೇಶಕ ಜೇಮ್ಸ್ ಗನ್ ಅವರನ್ನು ಹಳೆಯ ಟ್ವೀಟುಗಳ ಕಾರಣಕ್ಕೆ 2018ರ ಜುಲೈಯಲ್ಲಿ ಕಂಪನಿಯವರು ಹೊರದಬ್ಬಿ, 2019ರ ಮಾರ್ಚ್‌ನಲ್ಲಿ ಮರಳಿ ಕರೆದುಕೊಂಡ ಕಥೆಗೆ ಮಾತ್ರ ಸಭೆ ಮಿಸುಕಲಿಲ್ಲ. ನಮ್ಮಲ್ಲಿ ಉಚ್ಚಾಟಿತರು ಮುಂದಿನ ಮಹಾಸಭೆಯ ಊಟದ ಹೊತ್ತಿಗೇ ಪಂಕ್ತಿಯಲ್ಲಿರುತ್ತಾರೆ.

ಮೂರನೆಯವಳು ಘಾಟ್‌ಕೋಪರಿನ ಹುಡುಗಿ. ಹಿಂದಿನ ರಾತ್ರಿ ಚಿತ್ರವನ್ನು ಮತ್ತೊಮ್ಮೆ ನೋಡಿ ಬಂದಿದ್ದಳು. ಆ ಸಭಾಂಗಣದಲ್ಲಿ ಅಂಥ ಅಪರಾಧ ಮಾಡಿದವಳು ಅವಳೊಬ್ಬಳೇ. ಎದೆ ಭಾರವಾಗುವ ಹೊತ್ತಿಗೆ ಒಂದು ನಗೆಹನಿ ಸಿಡಿಸಿ ಪಾರಾಗುವ ಜಾಣತನ ಅಂದು ಹೊಸದಾಗಿತ್ತು, ಆಮೇಲೆ ಬಂದ ಸೂಪರ್‌ಹೀರೋ ಚಿತ್ರಗಳೆಲ್ಲ ಅದನ್ನೇ ಜಗಿದು ಜಗಿದು ಮೂಲಕ್ಕೂ ರುಚಿ ಇಲ್ಲದಂತೆ ಮಾಡಿವೆ ಎಂದಳು. ಖಳನಾಯಕ ರೋನನ್ ಬರೀ ಗುಡುಗುತ್ತಾನೆ, ನೆನಪಿನಲ್ಲಿ ಉಳಿಯುವುದಿಲ್ಲ. ಬ್ರಹ್ಮಾಂಡದಲ್ಲೇ ಭಯಂಕರಳೆಂದು ಪರಿಚಯಿಸಿದ ಗಮೋರಾಳನ್ನು ಬದುಕಿಸಲು ಕೊನೆಗೆ ನಾಯಕನೇ ಬರಬೇಕು. ಆದರೆ ಸಾಯುತ್ತಿರುವ ತಾಯಿ ಚಾಚಿದ ಕೈಯನ್ನು ಹುಡುಗ ಹಿಡಿಯಲಾರದೆ ಹೋಗುವ ಆ ಆರಂಭ… ಎನ್ನುವಷ್ಟರಲ್ಲಿ ಚೀಟಿ ಬಂತು. "ತಂಗೀ, ಸಮಯದ ಅಭಾವ" ಎಂದು ಅಧ್ಯಕ್ಷರು ಗಡಿಯಾರ ತೋರಿಸಿದರು. ಸಮಯವನ್ನು ತಿಂದವರೇ ಅದರ ಅಭಾವವನ್ನು ಸಾರುವುದು ನಮ್ಮ ಸಭೆಗಳ ಸಂಪ್ರದಾಯ. ಅವಳಿಗೆ ಸಿಕ್ಕಿದ್ದು ನಾಲ್ಕು ನಿಮಿಷ.

ಸಂವಾದದಲ್ಲಿ ಒಬ್ಬರು, ಐವರು ಕಳ್ಳಕಾಕರು ಜೈಲು ಮುರಿದು ಓಡಿ, ಕೊನೆಗೆ ಸರ್ಕಾರವೇ ಅವರ ಅಪರಾಧದ ದಾಖಲೆ ಅಳಿಸಿ, ಒಡೆದ ಹಡಗನ್ನೂ ಮತ್ತೆ ಕಟ್ಟಿಕೊಡುವುದನ್ನು ನಂಬಲಾಗದು ಎಂದರು. ಆಗ ಹೋಟೆಲು ನಡೆಸಿ ನಿವೃತ್ತರಾದ ಹಿರಿಯರೊಬ್ಬರು ಎದ್ದರು. "ಏನು ಸ್ವಾಮೀ, ಮರೆತಿರೇ? 2019ರ ಜುಲೈಯಲ್ಲಿ ನಮ್ಮ ರಾಜ್ಯದ ಶಾಸಕರು ರಾಜೀನಾಮೆ ಬಿಸಾಡಿ ಬಂದು ತಂಗಿದ್ದು ಇದೇ ಮುಂಬೈಯ ಹೋಟೆಲಿನಲ್ಲಿ. ಅವರನ್ನು ಕಾಣಲು ಬೆಂಗಳೂರಿನಿಂದ ಬಂದ ಮಂತ್ರಿಗಳು ಮಳೆಯಲ್ಲಿ ಪವೈಯ ಆ ಹೋಟೆಲಿನ ಗೇಟಿನ ಹೊರಗೇ ನಿಂತರು. ಆ ತಿಂಗಳು 17 ಮಂದಿ ಅನರ್ಹರಾದರು. ಡಿಸೆಂಬರಿನ ಉಪಚುನಾವಣೆಯಲ್ಲಿ ಅವರಲ್ಲೇ ಹಲವರು ಗೆದ್ದು ಅರ್ಹರಾದರು. ಆ ರಕೂನಿಗೆ ಇಡೀ ಗ್ರಹವನ್ನೇ ಉಳಿಸಬೇಕಾಯಿತು, ಪಾಪ." ಸಂಕಿರಣದಲ್ಲಿ ವಿಮರ್ಶೆ ಎಂದು ಕರೆಯಬಹುದಾದದ್ದು ಹುಡುಗಿಯ ನಾಲ್ಕು ನಿಮಿಷ ಬಿಟ್ಟರೆ ಇದೊಂದೇ. ವರದಿಯಲ್ಲಿ ಇದನ್ನು ಕೈಬಿಡಬೇಕೆಂದು ಕಾರ್ಯದರ್ಶಿಗಳು ಅಲ್ಲೇ ಸೂಚಿಸಿದರು.

ವಂದನಾರ್ಪಣೆ ಆರಂಭವಾಗಿ, ಗೋಳಿಬಜೆಯ ವಾಸನೆಗೆ ಸಭೆ ಹಿಂದಕ್ಕೆ ಕತ್ತು ತಿರುಗಿಸಿದ್ದ ಹೊತ್ತಿನಲ್ಲಿ ಮುಖ್ಯ ಅತಿಥಿಗಳು ಬೆವರು ಒರೆಸಿಕೊಳ್ಳುತ್ತ ಒಳಗೆ ಬಂದರು. ಹನ್ನೆರಡನೆಯ ಶಾಲು ಬಿತ್ತು. ಮೈಕು ಕೈಗೆ ಬಂತು. ಅವರು ಸುತ್ತ ನೋಡಿ, ಬ್ಯಾನರು ನೋಡಿ, "ನಾನು ತಡವಾಗಿ ಬಂದೆ" ಎಂದು ಹೇಳಿ ಕುಳಿತುಬಿಟ್ಟರು. ಸಂಜೆಯ ಅತಿ ದೊಡ್ಡ ಚಪ್ಪಾಳೆ ಅದಕ್ಕೇ ಬಿತ್ತು.

ಕಾರ್ಯದರ್ಶಿಗಳು ಮೈಕು ಎತ್ತಿಕೊಂಡು, ಆ ಮೂರು ಶಬ್ದಗಳ ಅರ್ಥವನ್ನು ವಿವರಿಸಲು ಮೊದಲು ಮಾಡಿದರು. ಗೋಳಿಬಜೆ ತಣ್ಣಗಾಯಿತು.