ತೋಟ ಕಾಯಲಿಕ್ಕೆ ಈ ನಾಯಿ ಬೇಡ ಅಣ್ಣ

ಕಳೆದ ವಾರ ಮುಳ್ಳೇರಿಯದ ಕಡೆಯಿಂದ ಒಬ್ಬರು ಫೋನ್ ಮಾಡಿದರು. "ನಿಮ್ಮಲ್ಲಿರುವ ಜಾತಿಯ ಮರಿ ಎಲ್ಲಿ ಸಿಕ್ತದೆ? ಅಂಗಳದಲ್ಲಿ ಒಣಗಲು ಹಾಕಿದ ಅಡಿಕೆ ಕಳವಾಗ್ತಾ ಉಂಟು. ಹಗಲು ಕಟ್ಟಿ ಹಾಕಿ ರಾತ್ರಿ ಬಿಡ್ಲಿಕ್ಕೆ ಒಂದು ಜೋರಿನ ನಾಯಿ ಬೇಕಿತ್ತು." ಬದಿಯಡ್ಕ, ಪೆರ್ಲದಿಂದಲೂ ಇದೇ ಪ್ರಶ್ನೆ ಬರುತ್ತಿದೆ. ಅವರಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ನಮ್ಮ ಮಣಿ ಸ್ಟಾಫರ್ಡ್‌ಶೈರ್ ಬುಲ್ ಟೆರಿಯರ್. ನೋಡಿದವರೆಲ್ಲ ಪಿಟ್‌ಬುಲ್ ಅನ್ನುತ್ತಾರೆ. ಎರಡೂ ಸಂಬಂಧಿಕರೇ, ಆದರೆ ಇದು ಗಿಡ್ಡ. ಎತ್ತರ 14ರಿಂದ 16 ಇಂಚು. ಗಂಡು 13ರಿಂದ 17 ಕಿಲೋ ತೂಗುತ್ತದೆ, ಹೆಣ್ಣು ಅದಕ್ಕಿಂತ ಕಡಿಮೆ. ಅಗಲ ತಲೆ, ಉಬ್ಬಿದ ಕೆನ್ನೆ, ಕಲ್ಲಿನಂಥ ತೊಡೆ. ಮಂಗಳೂರಿನ ಪರಿಚಯದವರು ವಿದೇಶಕ್ಕೆ ಹೋಗುವಾಗ ನಮ್ಮಲ್ಲಿ ಬಿಟ್ಟುಹೋದರು. ಐದು ವರ್ಷ ಆಯ್ತು.

ಒಂದು ಮಧ್ಯಾಹ್ನ ಪಂಪ್ ರಿಪೇರಿಗೆ ಹೊಸ ಹುಡುಗ ಬಂದಿದ್ದ. ನಾನು ತೋಟದಿಂದ ಬರುವಾಗ ಅವನು ಜಗಲಿಯ ಮೆಟ್ಟಿಲಲ್ಲಿ ಕೂತಿದ್ದಾನೆ, ಮಣಿ ಅವನ ಕಾಲಬುಡದಲ್ಲಿ ಅಂಗಾತ ಮಲಗಿ ಹೊಟ್ಟೆ ತೋರಿಸುತ್ತಿದ್ದಾಳೆ. ಬಾಲ ಮಾತ್ರ ಅಲ್ಲ, ಸೊಂಟವೇ ಅಲ್ಲಾಡುತ್ತಿತ್ತು. ಅಡಿಕೆ ಕದಿಯಲು ಬಂದವನಿಗೂ ಅವಳು ಇದನ್ನೇ ಮಾಡುತ್ತಾಳೆ, ನನಗೆ ಅನುಮಾನವೇ ಇಲ್ಲ.

ಈ ಸ್ವಭಾವ ಎಲ್ಲಿಂದ ಬಂತು? ಇಂಗ್ಲೆಂಡಿನ ಸ್ಟಾಫರ್ಡ್‌ಶೈರ್ ಕಡೆ ಕಲ್ಲಿದ್ದಲು, ಕಬ್ಬಿಣದ ಕೆಲಸದವರು ಬುಲ್‌ಡಾಗ್‌ಗೂ ಟೆರಿಯರ್‌ಗೂ ಕೂಡಿಸಿ ಬೆಳೆಸಿದ ನಾಯಿ ಇದು. ಕಟ್ಟಿದ ಗೂಳಿಯ ಮೇಲೆ ನಾಯಿ ಬಿಡುವ ಆಟಕ್ಕೆ 1835ರಲ್ಲಿ ಅಲ್ಲಿ ನಿಷೇಧ ಬಂತು. ಆಮೇಲೂ ಗುಟ್ಟಾಗಿ ನಾಯಿಕಾಳಗ ನಡೆಯಿತು. 1935ರಲ್ಲಿ ನಾಯಿ ತಳಿಗಳನ್ನು ದಾಖಲಿಸುವ ಅಲ್ಲಿನ ಸಂಸ್ಥೆ ಕೆನಲ್ ಕ್ಲಬ್ ಇದನ್ನು ತಳಿ ಎಂದು ಒಪ್ಪಿತು. ನಮ್ಮಲ್ಲಿ ಕೋಳಿ ಅಂಕ ನೋಡಿದವರಿಗೆ ಬೇಗ ಅರ್ಥವಾಗುತ್ತದೆ. ಅಂಕದ ಹುಂಜ ಯಜಮಾನನ ಕಂಕುಳಲ್ಲಿ ಎಷ್ಟು ಸಾಧು! ಇನ್ನೊಂದು ಹುಂಜ ಕಂಡಾಗ ಮಾತ್ರ ಕತ್ತಿನ ಗರಿ ಎದ್ದು ನಿಲ್ಲುತ್ತದೆ. ಕಾಳಗದ ನಡುವೆ ಕೈ ಹಾಕಿ ಎತ್ತಿಕೊಳ್ಳುವ ಮನುಷ್ಯನನ್ನು ಕಚ್ಚುವ ನಾಯಿ ಆ ಆಟದವರಿಗೆ ಬೇಡವಾಗಿತ್ತು.

ಇದರ ಇನ್ನೊಂದು ಮುಖವನ್ನೂ ಹೇಳಲೇಬೇಕು. ಮೂರು ವರ್ಷದ ಹಿಂದೆ ನಾನು ಗೇಟು ಹಾಕಲು ಮರೆತೆ. ಪಕ್ಕದ ಮನೆಯ ಊರ ನಾಯಿ ಒಳಗೆ ಬಂತು, ಗುರ್ ಅಂತು. ಮಣಿ ಅದರ ಕಿವಿ ಹಿಡಿದವಳು ಬಿಡಲೇ ಇಲ್ಲ. ಸದ್ದೂ ಇಲ್ಲ, ಬೊಗಳುವುದೂ ಇಲ್ಲ, ಸುಮ್ನೆ ಹಿಡಿದುಕೊಂಡು ನಿಂತಿದ್ದಳು. ನಾನೂ ತಮ್ಮನೂ ಒಂದೊಂದು ನಾಯಿಯ ಹಿಂಗಾಲು ಹಿಡಿದುಕೊಂಡು ಕಾದು, ಹಿಡಿತ ಸಡಿಲಾದ ಕೂಡಲೇ ಬೇರೆ ಮಾಡಿದೆವು. ಕಿವಿಗೆ ಹೊಲಿಗೆ ಬಿತ್ತು. ತಪ್ಪು ನನ್ನದು. ಅಂದಿನಿಂದ ಗೇಟು ದಾಟುವಾಗ ಹಗ್ಗ ಕೈಯಲ್ಲಿರುತ್ತದೆ, ಕೋಳಿಗೂಡಿನ ಬಾಗಿಲಿಗೆ ಚಿಲಕ ಬಿದ್ದಿದೆ. ಹಾಗಾಗಿ "ರಾತ್ರಿ ಬಿಡ್ಲಿಕ್ಕೆ" ಎನ್ನುವ ಮಾತೇ ಈ ನಾಯಿಗೆ ಆಗುವುದಿಲ್ಲ.

ಕಟ್ಟಿ ಹಾಕುವುದು ಅದಕ್ಕಿಂತ ಕೆಟ್ಟದ್ದು. ಇವಳಿಗೆ ಬೇಕಾದದ್ದು ಜನ. ಅಮ್ಮ ಮೆಟ್ಟುಕತ್ತಿಯ ಎದುರು ಅಡಿಕೆ ಸುಲಿಯಲು ಕೂತರೆ ಮಣಿ ಬಂದು ಅವರ ಬೆನ್ನಿಗೆ ಬೆನ್ನು ತಾಗಿಸಿ ಮಲಗುತ್ತಾಳೆ. ಅಮ್ಮ ಎದ್ದು ಒಳಗೆ ಹೋದರೆ ಇವಳೂ ಒಳಗೆ. ಇಂಥ ಜೀವವನ್ನು ಹಟ್ಟಿಯ ಹತ್ತಿರ ಸಂಕೋಲೆಯಲ್ಲಿ ಇಟ್ಟರೆ ಏನಾಗಬೇಕು? ಮೊದಲು ಅಳುತ್ತದೆ, ಆಮೇಲೆ ಸಿಕ್ಕಿದ್ದನ್ನು ಕಚ್ಚಿ ಹರಿಯುತ್ತದೆ, ಕೊನೆಗೆ ಹತ್ತಿರ ಬಂದ ಕೈಗೂ ಹೆದರುತ್ತದೆ. ಹೆದರಿದ ನಾಯಿಗೆ ಅಂಥ ದವಡೆ ಇದ್ದರೆ ಅಪಾಯ ಅಲ್ವಾ? ಎಷ್ಟೇ ಪಾಪದ ನಾಯಿಯಾದರೂ ಸಣ್ಣ ಮಕ್ಕಳ ಜೊತೆ ಒಂಟಿಯಾಗಿ ಬಿಡಬೇಡಿ. ನಾವೂ ಬಿಡುವುದಿಲ್ಲ.

2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ 23 ತಳಿಗಳ ಮಾರಾಟ, ಮರಿ ಮಾಡಿಸುವುದನ್ನು ತಡೆಯಿರಿ ಎಂದು ರಾಜ್ಯಗಳಿಗೆ ಬರೆಯಿತು. ಪಟ್ಟಿಯಲ್ಲಿ ಪಿಟ್‌ಬುಲ್ ಇತ್ತು, ಅಮೆರಿಕನ್ ಸ್ಟಾಫರ್ಡ್‌ಶೈರ್ ಟೆರಿಯರ್ ಇತ್ತು (ಅದು ಬೇರೆ ತಳಿ, ಮಣಿಯದ್ದಲ್ಲ). ಸಂಬಂಧಪಟ್ಟವರ ಮಾತು ಕೇಳದೆ ಮಾಡಿದ್ದೆಂದು ಏಪ್ರಿಲ್‌ನಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ರದ್ದು ಮಾಡಿತು. ನನ್ನ ಅಭಿಪ್ರಾಯದಲ್ಲಿ ತಳಿಯ ಹೆಸರಿಗಿಂತ ಸಂಕೋಲೆಯ ಉದ್ದವನ್ನು ಮೊದಲು ಕೇಳಬೇಕು.

ಸಾಕುವ ಕೆಲಸಕ್ಕೆ ಬರುತ್ತೇನೆ. ಮಾರ್ಚ್, ಏಪ್ರಿಲ್‌ನಲ್ಲಿ ಬೆಳಿಗ್ಗೆ ಎಂಟರೊಳಗೆ ನಡಿಗೆ ಮುಗಿಯಬೇಕು. ಗಿಡ್ಡ ಮೂತಿ, ಜಾಸ್ತಿ ಮಾಂಸಖಂಡ, ಸೆಕೆ ತಡೆಯುವುದಿಲ್ಲ. ಸಾಕಾಯಿತೆಂದು ತಾನಾಗಿ ನಿಲ್ಲುವ ಬುದ್ಧಿಯೂ ಇಲ್ಲ, ನಾವೇ ನಿಲ್ಲಿಸಬೇಕು. ಮಧ್ಯಾಹ್ನಕ್ಕೆ ಒದ್ದೆ ಗೋಣಿ ಹಾಸುತ್ತೇವೆ. ಆಟಕ್ಕೆ ದಪ್ಪ ಹಗ್ಗ. ಪ್ಲಾಸ್ಟಿಕ್ ಆಟಿಕೆ ಐದು ನಿಮಿಷದಲ್ಲಿ ಚೂರಾಗುತ್ತದೆ, ನುಂಗಿದರೆ ಕರುಳಿಗೆ ಸಿಕ್ಕಿಕೊಳ್ಳುತ್ತದೆ. ಮಳೆಗಾಲದಲ್ಲಿ ದಿನಾ ಬೆರಳ ಸಂದು ಒರೆಸಿ, ಕಿವಿಯೊಳಗೆ ಉಣುಗು ನೋಡಬೇಕು. ರೇಬಿಸ್ ಚುಚ್ಚುಮದ್ದಿನ ಜೊತೆ ಇಲಿಜ್ವರದ ಲಸಿಕೆಯೂ ಬೇಕು, ತೋಟದ ಕಣಿಯ ನೀರು ಕುಡಿಯುತ್ತವೆ ತಾನೆ? ಅಡಿಕೆಗೆ ಮದ್ದು ಬಿಡುವ ದಿನ ಮಾತ್ರ ಮಣಿ ಮನೆಯೊಳಗೇ. ಮೈಲುತುತ್ತಿನ ನೀರು ನೆಕ್ಕಿದರೆ ವಿಷ.

ಮರಿ ತರುವವರು ತಾಯಿ ತಂದೆಗೆ ಎಲ್-2-ಎಚ್‌ಜಿಎ (ಮಿದುಳಿಗೆ ತೊಂದರೆ ಕೊಡುವ ಕಾಯಿಲೆ) ಮತ್ತು ಕಣ್ಣಿನ ಪೊರೆಯ ಡಿಎನ್‌ಎ ಪರೀಕ್ಷೆ ಆಗಿದೆಯಾ ಎಂದು ಕೇಳಿ. ಎರಡೂ ಈ ತಳಿಯಲ್ಲಿ ವಂಶದಿಂದ ಬರುವ ಕಾಯಿಲೆ.

ಮುಳ್ಳೇರಿಯದ ಅಣ್ಣನಿಗೆ ಇಷ್ಟೆಲ್ಲ ಹೇಳಿದ ಮೇಲೆ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಮನೆಯಲ್ಲಿ ಆಗಲೇ ಒಂದು ಊರ ನಾಯಿ ಉಂಟಂತೆ, ರಾತ್ರಿ ಎಲೆ ಬಿದ್ದರೂ ಬೊಗಳುತ್ತದಂತೆ. ಅಡಿಕೆಗೆ ಅದೇ ಸಾಕು ಅಂದೆ. ಮತ್ತೂ ಆಸೆಯಿದ್ದರೆ ಒಮ್ಮೆ ಬನ್ನಿ, ಮಣಿಯ ಹಗ್ಗ ಹಿಡಿದು ನಮ್ಮ ಗುಡ್ಡೆ ಹತ್ತಿ ಇಳಿಯಿರಿ ಅಂದೆ. ಭಾನುವಾರ ಬರ್ತಾರಂತೆ.