ಸ್ವೀಕರಿಸಲಾಗಿದೆ

ಧಾರವಾಡದ ಸಪ್ತಾಪುರದಲ್ಲಿ ನಾನು ಸಂಜೆಯ ಹೊತ್ತು ಗಿರ್ಮಿಟ್ಟು ತಿನ್ನುವ ಅಂಗಡಿಯಲ್ಲಿ ಎಲ್ಲರಿಗಿಂತ ಶುದ್ಧವಾದ ಕನ್ನಡ ಮಾತನಾಡುವುದು ಒಂದು ಪ್ಲಾಸ್ಟಿಕ್ ಡಬ್ಬಿ. ಚುರಮುರಿಯ ಚೀಲಕ್ಕೂ ಮೆಣಸಿನಕಾಯಿಯ ಬುಟ್ಟಿಗೂ ನಡುವೆ ಕುಳಿತಿರುವ ಅದು, ಯಾರಾದರೂ ಮೊಬೈಲಿನಿಂದ ಹಣ ಕಳಿಸಿದೊಡನೆ, ರೇಡಿಯೋದ ವಾರ್ತೆ ಓದುವವರ ಗಾಂಭೀರ್ಯದಿಂದ "ಮೂವತ್ತು ರೂಪಾಯಿಗಳನ್ನು ಸ್ವೀಕರಿಸಲಾಗಿದೆ" ಎಂದು ಸಾರುತ್ತದೆ. "ಬಂತೇನ್ರೀ", "ಇನ್ನೆರಡ ಮಿರ್ಚಿ ಹಾಕ್ರೀ" ಎಂಬ ಮಾತುಗಳ ನಡುವೆ ಆ ವಾಕ್ಯ, ಹುರಡಾ ತಿನ್ನಲು ಕರಿ ಕೋಟು ತೊಟ್ಟು ಹೊಲಕ್ಕೆ ಬಂದ ವಕೀಲರಂತೆ ಕಾಣುತ್ತದೆ.

ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತನಾದ ನನಗೆ ಆ ವಾಕ್ಯ ಕಿವಿಗೆ ಬಿದ್ದಾಗಲೆಲ್ಲ ವ್ಯಾಕರಣದ ಹಳೆಯ ಬೇನೆ ಮರುಕಳಿಸುತ್ತದೆ. "ರಾಮನಿಂದ ರಾವಣನು ಕೊಲ್ಲಲ್ಪಟ್ಟನು" ಎಂದು ನಾವು ಮಕ್ಕಳಿಂದ ಬರೆಸುತ್ತಿದ್ದ ಕರ್ಮಣಿ ಪ್ರಯೋಗದಲ್ಲಿ ರಾಮನು ತೃತೀಯಾ ವಿಭಕ್ತಿಯನ್ನಾದರೂ ಹಿಡಿದುಕೊಂಡು ವಾಕ್ಯದೊಳಗೆ ಉಳಿದಿರುತ್ತಿದ್ದ. ಡಬ್ಬಿಯ ವಾಕ್ಯದಲ್ಲಿ ಕರ್ತೃ ಸಂಪೂರ್ಣ ನಾಪತ್ತೆ. ಅಂಗಡಿಯ ಅಕ್ಕನವರಿಗೆ ಇದನ್ನು ವಿವರಿಸಿದಾಗ ಅವರು ಕಡಲೆಹಿಟ್ಟಿನಲ್ಲಿದ್ದ ಕೈಯನ್ನು ಹೊರಗೆ ತೆಗೆಯದೆಯೇ, "ಖರೇ ಐತ್ರೀ ಸರ. ಅಂಗಡಿ ನಂದು, ರೊಕ್ಕ ನಂದು, ಇಸ್ಕೊಂಡಾಕಿ ನಾ ಅಂತ ಮಾತ್ರ ಅದು ಹೇಳಂಗಿಲ್ಲ ನೋಡ್ರಿ" ಎಂದರು.

ಆ ಹಿಟ್ಟಿನ ಕೈಯೇ ಡಬ್ಬಿಯ ಅಸ್ತಿತ್ವಕ್ಕೆ ಕಾರಣವೆಂಬುದನ್ನು ನಾನು ಒಪ್ಪಲೇಬೇಕು. ಗಿರಾಕಿಯು ಮೊಬೈಲಿನಲ್ಲಿ ತೋರಿಸುವ ಹಸಿರು ಗುರುತು ಇಂದಿನದೋ ನಿನ್ನೆಯದೋ ಎಂದು ಮಿರ್ಚಿ ಕರಿಯುವವರು ನೋಡುತ್ತ ಕೂಡಲಾಗುವುದಿಲ್ಲ. ಡಬ್ಬಿಗೆ ತನ್ನದೇ ಸಿಮ್ ಇರುವುದರಿಂದ, ಹಣ ಜಮೆಯಾದ ಸುದ್ದಿ ಅಕ್ಕನವರ ಮೊಬೈಲಿನ ಹಂಗಿಲ್ಲದೆ ನೇರವಾಗಿ ಅದಕ್ಕೇ ಬರುತ್ತದೆ. ಆದರೆ ಯಾರು ಎಷ್ಟು ತಿಂದರೆಂಬುದು ಇಡೀ ಓಣಿಗೆ ತಿಳಿಯುತ್ತದೆ. ವೈದ್ಯರು ಎಣ್ಣೆಯ ಪದಾರ್ಥ ಬಿಡಿಸಿರುವ ನನ್ನಂಥವರು ಆದ್ದರಿಂದಲೇ ನಗದು ಕೊಡುವುದು ಲೇಸು.

ಡಬ್ಬಿಯ ಜೊತೆಗಾರನಾದ ಗೋಡೆಯ ಮೇಲಿನ ಕ್ಯೂಆರ್ ಕೋಡ್ ಮಾತ್ರ ನನಗೆ ಬಹಳ ಮೆಚ್ಚುಗೆಯಾದದ್ದು. ಮಿರ್ಚಿಯ ಎಣ್ಣೆ ಸಿಡಿದು ಅದರ ಒಂದು ಮಗ್ಗುಲು ಕಂದಿಹೋಗಿದ್ದರೂ ಮೊಬೈಲು ಅದನ್ನು ಚಾಚೂ ತಪ್ಪದೆ ಓದುತ್ತದೆ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದ ಹುಡುಗನೊಬ್ಬ, ಇದನ್ನು 1994ರಲ್ಲಿ ಜಪಾನಿನ ಡೆನ್ಸೊ ಕಂಪನಿಯ ಮಸಾಹಿರೊ ಹಾರಾ ಮತ್ತವರ ಸಂಗಡಿಗರು ಮೋಟಾರು ವಾಹನಗಳ ಬಿಡಿಭಾಗಗಳ ಲೆಕ್ಕವಿಡಲು ರೂಪಿಸಿದರೆಂದು ಹೇಳಿ, ಮುಂದಿನ ಪ್ರಶ್ನೆಗೆ ಕಾಯುವವನಂತೆ ನಿಂತ. ಕಪ್ಪು-ಬಿಳಿ ಕಾಯಿಗಳನ್ನು ಮಣೆಯ ಮೇಲಿಟ್ಟು ಆಡುವ 'ಗೋ' ಎಂಬ ಆಟ ಹಾರಾ ಅವರಿಗೆ ಇದನ್ನು ಹೊಳೆಯಿಸಿತಂತೆ. ಅದರಲ್ಲಿ ಮಾಹಿತಿಯ ಜೊತೆಗೆ ತಪ್ಪು ತಿದ್ದಿಕೊಳ್ಳುವ ಹೆಚ್ಚಿನ ಸಂಕೇತಗಳನ್ನೂ ಅಡಕಗೊಳಿಸಿರುವುದರಿಂದ, ಅತ್ಯುನ್ನತ ಮಟ್ಟದ ರಕ್ಷಣೆಯಿದ್ದರೆ ಸುಮಾರು ಶೇಕಡಾ 30ರಷ್ಟು ಹಾಳಾದರೂ ಉಳಿದದ್ದರಿಂದ ಪೂರ್ತಿ ವಿಷಯವನ್ನು ಮರಳಿ ಪಡೆಯಬಹುದು. ನನ್ನ ವಿದ್ಯಾರ್ಥಿಗಳ ಉತ್ತರಪತ್ರಿಕೆಗಳಲ್ಲಿ ಈ ಸೌಲಭ್ಯವಿರಲಿಲ್ಲ.

2025ರ ಜುಲೈ ತಿಂಗಳಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಯು ಯುಪಿಐ ವಹಿವಾಟಿನ ಲೆಕ್ಕವನ್ನು ಆಧರಿಸಿ ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕಳಿಸಿದಾಗ ಡಬ್ಬಿಯ ಮಾತು ಕೆಲಕಾಲ ನಿಂತುಹೋಯಿತು. ವರ್ಷಕ್ಕೆ ಸರಕಿನ ವ್ಯಾಪಾರ 40 ಲಕ್ಷ, ಸೇವೆಯದಾದರೆ 20 ಲಕ್ಷ ರೂಪಾಯಿ ದಾಟಿದವರು ಜಿಎಸ್‌ಟಿಗೆ ನೋಂದಾಯಿಸಿಕೊಳ್ಳಬೇಕೆಂಬುದು ನಿಯಮ. ಅಕ್ಕನವರಿಗೆ ನೋಟಿಸೇನೂ ಬಂದಿರಲಿಲ್ಲ. ಆದರೂ ಬೇರೆ ಊರುಗಳ ಸುದ್ದಿ ಕೇಳಿದ್ದೇ ತಡ, ಕ್ಯೂಆರ್ ಚೀಟಿಯ ಮೇಲೆ ಕ್ಯಾಲೆಂಡರು ತೂಗುಬಿದ್ದಿತು. ಅಂಗಡಿಯ ಮುಂದೆ ಅಭಿಪ್ರಾಯಗಳಿಗೇನು ಬರವೇ? ತೆರಿಗೆ ಕಟ್ಟದವರನ್ನು ಬಿಡಬಾರದೆಂದು ಒಬ್ಬರು, ದೊಡ್ಡವರನ್ನು ಬಿಟ್ಟು ಮಿರ್ಚಿಯವರನ್ನು ಹಿಡಿದರೆಂದು ಇನ್ನೊಬ್ಬರು, ಇಬ್ಬರೂ ಒಂದೊಂದು ಪ್ಲೇಟು ಹೆಚ್ಚಿಗೆ ತಿಂದರು. ಮಿತಿ ದಾಟಿದವರು ತೆರಿಗೆ ಕಟ್ಟುವುದು ನ್ಯಾಯವೇ. ಆದರೆ ಡಿಜಿಟಲ್ ಆಗಿರೆಂದು ಹುರಿದುಂಬಿಸಿ, ಹಲವು ವರ್ಷಗಳ ಲೆಕ್ಕವನ್ನು ಒಮ್ಮೆಲೇ ಕೇಳಿದ್ದು ನನಗೆ ಸರಿಕಾಣಲಿಲ್ಲ. ಇಷ್ಟು ದಿನ ಹಣವನ್ನು ಸ್ವೀಕರಿಸಿದವರು ಯಾರೆಂದೇ ಹೇಳದಿದ್ದ ವಾಕ್ಯಕ್ಕೆ, ಲೆಕ್ಕ ಕೇಳುವ ಹೊತ್ತಿಗೆ ಕರ್ತೃ ಹೆಸರು, ವಿಳಾಸ ಸಮೇತ ಸಿಕ್ಕಿದ್ದ.

ಹಳೆಯ ಬಾಕಿಯನ್ನು ವಸೂಲು ಮಾಡುವುದಿಲ್ಲವೆಂದು ಸರ್ಕಾರ ಹೇಳಿದ ಮೇಲೆ ಕ್ಯಾಲೆಂಡರು ತನ್ನ ಮೊದಲಿನ ಮೊಳೆಗೆ ಮರಳಿತು, ಡಬ್ಬಿಯೂ ಬಾಯಿ ತೆರೆಯಿತು. ಮೊನ್ನೆ ನಾನು ಎಂದಿನಂತೆ ಮೂವತ್ತು ರೂಪಾಯಿ ನೋಟುಗಳನ್ನೇ ಕೊಟ್ಟಾಗ, ಅಕ್ಕನವರು ಅವನ್ನು ಗಲ್ಲಾಪೆಟ್ಟಿಗೆಗೆ ಹಾಕಿ, ಕಣ್ಣು ಮುಚ್ಚಿಕೊಂಡು, ಡಬ್ಬಿಯದೇ ದನಿಯಲ್ಲಿ ಓಣಿಗೆಲ್ಲ ಕೇಳುವಂತೆ ಹೇಳಿದರು: "ಸರ್ ಅವರಿಂದ ಮೂವತ್ತು ರೂಪಾಯಿಗಳನ್ನು ಸ್ವೀಕರಿಸಲಾಗಿದೆ."